ಅನಿಲ ಕಣವಾಗುವ ಬಗೆ: ದಿಲ್ಲಿಯಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವನು. ಕೆಲಸದ ಮೇಲೆ ದಿಲ್ಲಿಯ ದ್ವಾರಕಾದಲ್ಲಿದ್ದೇನೆ. ಮನೆಯಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಪ್ರಮಾಣ, ತೋರಿಸುವ ಸಣ್ಣ ಮೀಟರ್ ಇದೆ. ಚಳಿಗಾಲದಲ್ಲಿ ಮಧ್ಯಾಹ್ನ ಬಿಸಿಲಿದ್ದಾಗ ಅಂಕಿ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ ಏರುತ್ತಾ ಹೋಗಿ ಬೆಳಗಿನ ಜಾವಕ್ಕೆ ಮೂರು ಪಟ್ಟಾಗಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ಗಾಡಿ ಓಡಾಡಲ್ಲ, ಕಟ್ಟಡದ ಕೆಲಸವೂ ಇರಲ್ಲ. "ಅನಿಲಗಳೇ ಗಾಳಿಯಲ್ಲಿ ಕಣ ಆಗ್ತವೆ" ಅಂತ ಆಫೀಸಿನವರೊಬ್ಬರು ಹೇಳಿದರು. ಅದು ಹೇಗೆ ಸಾಧ್ಯ? ಮಧ್ಯಾಹ್ನದ ಕಡಿಮೆ ಅಂಕಿಯನ್ನು ನಂಬಬಹುದಾ? ಅಷ್ಟು ಸಣ್ಣ ಕಣಗಳನ್ನು ಎನ್95 ಮಾಸ್ಕ್ ತಡೆಯುತ್ತದಾ?

ಉತ್ತರ: ನಿಮ್ಮ ಆಫೀಸಿನವರು ಹೇಳಿದ್ದು ಸರಿ. ದಿಲ್ಲಿಯ ಗಾಳಿಯಲ್ಲಿರುವ ಸಣ್ಣ ಕಣಗಳಲ್ಲಿ ದೊಡ್ಡ ಪಾಲು ಯಾವ ಚಿಮಣಿಯಿಂದಲೂ ಸೈಲೆನ್ಸರಿನಿಂದಲೂ ಕಣವಾಗಿ ಹೊರಬಿದ್ದದ್ದಲ್ಲ. ಅದು ಕಣ್ಣಿಗೆ ಕಾಣದ ಅನಿಲವಾಗಿ ಹೊರಬಂದು, ಆಮೇಲೆ ಗಾಳಿಯಲ್ಲೇ ಕಣವಾದದ್ದು. ಗಾಳಿ ಕೆಟ್ಟಿದೆ ಅಂದರೆ ಧೂಳು, ಹೊಗೆ ಅಂತಲೇ ನಾವು ಯೋಚಿಸುತ್ತೇವೆ. ಅದಕ್ಕೇ ಈ ಪಾಲು ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತಿದೆ.

ಮೊದಲು ಒಂದು ವಿಷಯ ಬೇರೆ ಮಾಡಿಬಿಡೋಣ. ರಾತ್ರಿ ನಿಮ್ಮ ಮೀಟರ್ ಏರುವುದಕ್ಕೆ ಒಂದು ಮುಖ್ಯ ಕಾರಣ, ಕೊಳೆ ಹರಡಿಕೊಳ್ಳುವ ಜಾಗ ಕುಗ್ಗುವುದು. ಹಗಲು ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಬೀದಿಯ ಕೊಳೆ ಸುಮಾರು ಒಂದು ಕಿಲೋಮೀಟರ್ ಎತ್ತರದವರೆಗೆ ಕಲೆಯುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ಕದಲುವುದಿಲ್ಲ. ಆಮೇಲೆ ಹೊರಬಂದ ಕೊಳೆಯೆಲ್ಲ ನೆಲದಿಂದ ನೂರಿನ್ನೂರು ಮೀಟರ್ ಒಳಗೇ ಉಳಿಯುತ್ತದೆ. ಹೊಸದಾಗಿ ಸೇರುವುದು ಸ್ವಲ್ಪವೇ ಆದರೂ ಅಂಕಿ ಏರುತ್ತದೆ. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ.

ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಸಾಲ್ಟ್ ಅನಾಲಿಸಿಸ್ ನೆನಪಿರಬೇಕು. ಉಪ್ಪಿನಲ್ಲಿ ಅಮೋನಿಯಂ ಇದೆಯಾ ಅಂತ ನೋಡಲು ಪ್ರನಾಳದಲ್ಲಿ ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಬಿಸಿ ಮಾಡಿ, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಬಾಯಿಯ ಹತ್ತಿರ ಹಿಡಿಯುತ್ತಿದ್ದೆವು. ತಕ್ಷಣ ದಟ್ಟ ಬಿಳಿ ಹೊಗೆ. ಅಮೋನಿಯಾಕ್ಕೂ ಬಣ್ಣವಿಲ್ಲ, ಹೈಡ್ರೋಜನ್ ಕ್ಲೋರೈಡ್‌ಗೂ ಬಣ್ಣವಿಲ್ಲ. ಎರಡೂ ಸೇರಿದ ಕೂಡಲೇ ಅಮೋನಿಯಂ ಕ್ಲೋರೈಡ್ ಎಂಬ ಗಟ್ಟಿ ಉಪ್ಪಿನ ಕಣಗಳು ಗಾಳಿಯಲ್ಲೇ ಆದವು. ಅನಿಲ ಕಣವಾಗುವುದನ್ನು ನೀವು ಕಣ್ಣಾರೆ ನೋಡಿದ್ದೀರಿ, ಅಲ್ವಾ?

ದಿಲ್ಲಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ನಡೆಯುವುದು ಇದೇ ಕ್ರಿಯೆ. ಗಂಗಾ ಬಯಲಿನ ಮೇಲಿರುವಷ್ಟು ಅಮೋನಿಯಾ ಜಗತ್ತಿನ ಕೆಲವೇ ಜಾಗಗಳಲ್ಲಿದೆ. ಉಪಗ್ರಹದ ಚಿತ್ರಗಳಲ್ಲೂ ಅದು ಎದ್ದು ಕಾಣುತ್ತದೆ. ಯೂರಿಯಾ ಚೆಲ್ಲಿದ ಹೊಲ, ದನದ ಕೊಟ್ಟಿಗೆ, ತೆರೆದ ಚರಂಡಿ, ಇವೆಲ್ಲ ಅಮೋನಿಯಾ ಬಿಡುತ್ತವೆ. ಇನ್ನು ಹೈಡ್ರೋಜನ್ ಕ್ಲೋರೈಡ್ ಬರುವುದು ಪ್ಲಾಸ್ಟಿಕ್ ಬೆರೆತ ಕಸ ಸುಡುವುದರಿಂದ, ಕೆಲವು ಕಾರ್ಖಾನೆಗಳಿಂದ. ಐಐಟಿ ಮದ್ರಾಸ್‌ನವರು ಮುಂದೆ ನಿಂತು ಮಾಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ದಿಲ್ಲಿಯ ಚಳಿಗಾಲದ ಮಬ್ಬಿಗೆ ಈ ಕ್ಲೋರೈಡ್ ದೊಡ್ಡ ಕಾರಣ ಎಂದು ಅದು ತೋರಿಸಿತು. ಈ ಉಪ್ಪು ತೇವವನ್ನು ಬಲು ಬೇಗ ಹೀರುತ್ತದೆ. ಕಣ ನೀರು ಕುಡಿದು ಊದಿಕೊಳ್ಳುತ್ತದೆ, ಬೆಳಕನ್ನು ಚದುರಿಸುತ್ತದೆ, ಎದುರಿನ ಕಟ್ಟಡ ಮಾಯವಾಗುತ್ತದೆ.

ಇನ್ನೊಂದು ಗುಣ ನಿಮ್ಮ ಮೀಟರಿಗೆ ನೇರ ಸಂಬಂಧಪಟ್ಟದ್ದು. ಅಮೋನಿಯಂ ಕ್ಲೋರೈಡ್ ಮತ್ತು (ಅಮೋನಿಯಾ ನೈಟ್ರಿಕ್ ಆಸಿಡ್ ಜೊತೆ ಸೇರಿ ಆಗುವ) ಅಮೋನಿಯಂ ನೈಟ್ರೇಟ್ ಎರಡೂ ಚಳಿ ಮತ್ತು ತೇವ ಇದ್ದರೆ ಕಣವಾಗಿರುತ್ತವೆ. ಬಿಸಿಲು ಏರಿದರೆ ಮತ್ತೆ ಅನಿಲವಾಗಿ ಬಿಡುತ್ತವೆ. ಅಂದರೆ ಮಧ್ಯಾಹ್ನ ಇಳಿದ ಅಂಕಿಯಲ್ಲಿ ಒಂದು ಭಾಗ ಮೇಲಕ್ಕೆ ಹರಡಿಕೊಂಡದ್ದು, ಇನ್ನೊಂದು ಭಾಗ ಅಲ್ಲೇ ಆವಿಯಾದದ್ದು. ಆ ಆವಿ ಊರು ಬಿಟ್ಟು ಹೋಗಿರುವುದಿಲ್ಲ. ಸಂಜೆ ತಂಪಾದ ಕೂಡಲೇ ಅದರಲ್ಲಿ ಒಂದಷ್ಟು ಮತ್ತೆ ಕಣವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು, ಇರುವ ಕಣದ ಮೇಲೆ ಆವಿ ಕೂತು ಕಣ ದಪ್ಪವಾಗುವ ವಿಷಯ. ಏನೂ ಇಲ್ಲದ ಕಡೆ ಹೊಸ ಕಣ ಹುಟ್ಟುವುದು ಇದಕ್ಕಿಂತ ಬಹಳ ಕಷ್ಟದ ಕೆಲಸ. ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ದಾರ ಇಳಿಬಿಡುತ್ತಾರೆ. ಸಕ್ಕರೆ ದಾರಕ್ಕೆ ಬಂದು ಕೂರುತ್ತದೆ. ದಾರ ಇಲ್ಲದಿದ್ದರೆ ಪಾಕ ಇನ್ನೂ ಗಟ್ಟಿಯಾಗಬೇಕು, ಆಗಲೇ ತಾನಾಗಿ ಹರಳು ಕಟ್ಟುವುದು. ಆವಿಯೂ ಹಾಗೆ. ಕೂರಲು ಹಳೆಯ ಕಣ ಸಿಕ್ಕರೆ ಅದರ ಮೇಲೆಯೇ ಕೂರುತ್ತದೆ.

ಕಷ್ಟ ಏಕೆ ಅಂದರೆ, ನಾಲ್ಕೈದು ಅಣುಗಳು ಸೇರಿದ ಗುಂಪಿನ ಮೈ ತುಂಬ ಬಾಗಿರುತ್ತದೆ. ಅಂಥ ಬಾಗಿದ ಮೈಯಲ್ಲಿರುವ ಅಣುವನ್ನು ಹಿಡಿದಿಡಲು ಸುತ್ತ ಸಾಕಷ್ಟು ನೆರೆಯವರಿಲ್ಲ. ಸುಲಭವಾಗಿ ಬಿಟ್ಟುಹೋಗುತ್ತದೆ. ಈ ಪರಿಣಾಮವನ್ನು ಮೊದಲು ವಿವರಿಸಿದವರು ಬ್ರಿಟನ್ನಿನ ಲಾರ್ಡ್ ಕೆಲ್ವಿನ್, 1871ರಲ್ಲಿ. ಗುಂಪು ಸುಮಾರು ಒಂದೂವರೆ ನ್ಯಾನೋಮೀಟರ್ ದಾಟಿತೆಂದರೆ ಬರುವ ಅಣುಗಳು ಹೋಗುವವಕ್ಕಿಂತ ಜಾಸ್ತಿಯಾಗುತ್ತವೆ, ಕಣ ಉಳಿಯುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಆ ಗಡಿ ದಾಟಬೇಕಾದರೆ ಒಮ್ಮೆ ಅಂಟಿದ ಮೇಲೆ ಬಿಡದಂಥ ಆವಿ ಬೇಕು. ನಗರದ ಗಾಳಿಯಲ್ಲಿ ಅಂಥದ್ದರಲ್ಲಿ ಮೊದಲನೆಯದು ಸಲ್ಫ್ಯೂರಿಕ್ ಆಸಿಡ್, ಅಂದರೆ ಗಂಧಕಾಮ್ಲ.

ಅದನ್ನು ಯಾರೂ ನೇರವಾಗಿ ಗಾಳಿಗೆ ಸುರಿಯುವುದಿಲ್ಲ. ಕಲ್ಲಿದ್ದಲು ಸುಟ್ಟಾಗ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ. ಬಿಸಿಲು ಓಝೋನ್ ಮತ್ತು ನೈಟ್ರಸ್ ಆಸಿಡ್‌ನಂಥವನ್ನು ಒಡೆದು ಹೈಡ್ರಾಕ್ಸಿಲ್ ಎಂಬ ಚುರುಕು ಅಣುವನ್ನು ಹುಟ್ಟಿಸುತ್ತದೆ. ಅದು ಸಲ್ಫರ್ ಡೈಆಕ್ಸೈಡನ್ನು ಹಿಡಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೂ ತೇವವೂ ಸೇರಿ ಗಂಧಕಾಮ್ಲದ ಆವಿ ಆಗುತ್ತದೆ. ಎಷ್ಟು? ಬಿಸಿಲಿರುವ ದಿನ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿ ಅಣು. ಜಾಸ್ತಿ ಅನಿಸಬಹುದು. ಆದರೆ ಅಷ್ಟೇ ಗಾಳಿಯಲ್ಲಿ ಒಟ್ಟು ಅಣುಗಳ ಸಂಖ್ಯೆ 25ರ ಮುಂದೆ 18 ಸೊನ್ನೆ. ಅಂದರೆ ಎರಡೂವರೆ ಲಕ್ಷ ಕೋಟಿ ಅಣುಗಳಲ್ಲಿ ಒಂದು, ಅದೂ ಜಾಸ್ತಿ ಇದ್ದಾಗ. ಇಷ್ಟು ಕಡಿಮೆ ಆವಿ ಇಡೀ ಊರಿನ ಗಾಳಿಯಲ್ಲಿ ಕಣ ಹುಟ್ಟಿಸುತ್ತದೆ ಅಂದರೆ ನನಗೆ ಈಗಲೂ ಅಚ್ಚರಿ.

ಆಮ್ಲ ಒಂದೇ ಇದ್ದರೆ ನೆಲದ ಹತ್ತಿರದ ಬೆಚ್ಚನೆಯ ಗಾಳಿಯಲ್ಲಿ ಗುಂಪು ನಿಲ್ಲುವುದಿಲ್ಲ. ಅದನ್ನು ಕಟ್ಟಿಹಾಕಲು ಒಂದು ಪ್ರತ್ಯಾಮ್ಲ ಬೇಕು. ಅದು ಅಮೋನಿಯಾ ಇರಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದರು. ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ಕ್ಲೌಡ್ ಎಂಬ ಪ್ರಯೋಗ ನಡೆಯುತ್ತಿದೆ. ಸುಮಾರು 26 ಘನ ಮೀಟರಿನ ಉಕ್ಕಿನ ಕೋಣೆ. ಅದರೊಳಗೆ ಅತ್ಯಂತ ಶುದ್ಧ ಗಾಳಿ ತುಂಬಿ, ಬೇಕಾದ ಆವಿಯನ್ನು ಅಳೆದು ಬಿಟ್ಟು, ಕಣ ಎಷ್ಟು ಬೇಗ ಹುಟ್ಟುತ್ತದೆ ಎಂದು ಎಣಿಸುತ್ತಾರೆ. 2011ರಲ್ಲಿ ಅಲ್ಲಿಂದ ಬಂದ ಉತ್ತರ: ಗಂಧಕಾಮ್ಲ, ಅಮೋನಿಯಾ ಎರಡೇ ಸೇರಿದರೆ ನೆಲಮಟ್ಟದಲ್ಲಿ ಕಾಣುವಷ್ಟು ಕಣ ಹುಟ್ಟುವುದಿಲ್ಲ. 2013ರಲ್ಲಿ ಡೈಮೀಥೈಲ್ ಅಮೀನ್ ಹಾಕಿ ನೋಡಿದರು. ಗಾಳಿಯ ಲಕ್ಷ ಕೋಟಿ ಅಣುಗಳಲ್ಲಿ ಮೂರು ಅಮೀನ್ ಅಣು ಇದ್ದರೂ ಸಾಕು, ಅಮೋನಿಯಾಕ್ಕಿಂತ ಸಾವಿರ ಪಟ್ಟು ಹೆಚ್ಚು ವೇಗದಲ್ಲಿ ಕಣ ಹುಟ್ಟಿತು.

ಅಮೀನ್ ಅಂದರೆ ಅಮೋನಿಯಾದ ಹತ್ತಿರದ ಸಂಬಂಧಿ. ಮೀನು ಮಾರುಕಟ್ಟೆಯ ಘಾಟು ಅಮೀನ್‌ನದ್ದೇ. ಚರಂಡಿ, ದನದ ಗಂಜಲ, ಕೆಲವು ಕಾರ್ಖಾನೆ, ಹೊಗೆ ಎಲ್ಲದರಿಂದಲೂ ಬರುತ್ತದೆ. ಕೋಣೆಯೊಳಗೆ ಕಂಡದ್ದು ನಿಜವಾದ ಮಹಾನಗರದಲ್ಲೂ ನಡೆಯುತ್ತದೆಯೇ ಎಂಬ ಪ್ರಶ್ನೆಗೆ 2018ರಲ್ಲಿ ಶಾಂಘೈನಿಂದ ಉತ್ತರ ಬಂತು. ಅಲ್ಲಿನ ಗಾಳಿಯಲ್ಲಿ ಗಂಧಕಾಮ್ಲ ಮತ್ತು ಅಮೀನ್ ಅಣುಗಳು ಜೋಡಿಯಾಗಿ, ಗುಂಪಾಗಿ ಬೆಳೆಯುವುದನ್ನು ವಿಜ್ಞಾನಿಗಳು ನೇರವಾಗಿ ಅಳೆದು ತೋರಿಸಿದರು.

ಹುಟ್ಟಿದ ಮೇಲೆ ಬೆಳೆಸುವವರು ಬೇರೆ. ಪೆಟ್ರೋಲ್, ಡೀಸೆಲ್, ಪೇಂಟ್, ಥಿನ್ನರ್, ಅಂಟು, ಫಿನಾಯಿಲ್, ಡಿಯೋಡರೆಂಟ್, ಇವುಗಳಿಂದ ಏಳುವ ಸಾವಯವ ಆವಿಗಳು ಗಾಳಿಯಲ್ಲಿ ಆಮ್ಲಜನಕದ ಜೊತೆ ಸೇರುತ್ತಾ ಹೋಗುತ್ತವೆ. ಒಂದೊಂದು ಆಮ್ಲಜನಕ ಸೇರಿದಾಗಲೂ ಅಣು ಭಾರವಾಗುತ್ತದೆ, ಹಾರುವ ಗುಣ ಕಡಿಮೆಯಾಗುತ್ತದೆ. ಕೊನೆಗೆ ಸಿಕ್ಕಿದ ಕಣಕ್ಕೆ ಅಂಟಿಕೊಂಡು ಬಿಡುತ್ತದೆ. 2018ರಲ್ಲೇ ಅಮೆರಿಕದ ಒಂದು ಅಧ್ಯಯನ ಲಾಸ್ ಏಂಜಲೀಸ್ ಗಾಳಿಯನ್ನು ಮುಂದಿಟ್ಟುಕೊಂಡು, ಅಂಥ ನಗರಗಳಲ್ಲಿ ಗಾಡಿಗಳ ಹೊಗೆ ಕಡಿಮೆಯಾದ ಮೇಲೆ ಪೇಂಟ್, ಸುಗಂಧ, ಕ್ಲೀನರ್‌ಗಳಂಥ ಮನೆಬಳಕೆಯ ವಸ್ತುಗಳ ಆವಿ ಎಷ್ಟು ಮುಖ್ಯವಾಗಿದೆ ಎಂದು ತೋರಿಸಿತು. ದಿಲ್ಲಿ ಇನ್ನೂ ಆ ಹಂತಕ್ಕೆ ಬಂದಿಲ್ಲ. ಇಲ್ಲಿ ಸೌದೆ, ಬೆರಣಿ, ಕಸ, ಡೀಸೆಲ್‌ಗಳದ್ದೇ ಜೋರು.

ಈಗ ನಿಜವಾದ ತೊಡಕು. ಕಲ್ಲುಸಕ್ಕರೆಯ ಮಾತು ಸರಿ ಅನ್ನುವುದಾದರೆ ದಿಲ್ಲಿಯಲ್ಲಿ ಹೊಸ ಕಣ ಹುಟ್ಟಲೇಬಾರದು. ಅಲ್ಲಿ ಹಳೆಯ ಕಣಗಳು ಎಷ್ಟಿವೆಯೆಂದರೆ, ಅಂಟುವ ಗುಣದ ಒಂದು ಆವಿ ಅಣು ಒಂದು ನಿಮಿಷ ಕೂಡ ಒಂಟಿಯಾಗಿ ಇರಲಾರದು, ಅಷ್ಟರಲ್ಲಿ ಯಾವುದಾದರೂ ಕಣಕ್ಕೆ ಬಡಿಯುತ್ತದೆ. ಆಗತಾನೇ ಹುಟ್ಟಿದ ಎರಡು ನ್ಯಾನೋಮೀಟರಿನ ಕಣದ ಗತಿಯೂ ಅದೇ. ಆದರೂ 2000ದ ದಶಕದ ಆರಂಭದಲ್ಲೇ ಫಿನ್‌ಲ್ಯಾಂಡಿನ ವಿಜ್ಞಾನಿಗಳು ದಿಲ್ಲಿಯಲ್ಲಿ ಅಳೆದಾಗ ಹೊಸ ಕಣ ಹುಟ್ಟುವುದು ಕಂಡಿತ್ತು. ಬೀಜಿಂಗ್‌ನಲ್ಲೂ ಹಾಗೆಯೇ.

ಇದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ಒಂದು ಅಮೀನ್. ಗುಂಪು ಬೇಗ ಗಟ್ಟಿಯಾದರೆ ಹಳೆಯ ಕಣಕ್ಕೆ ಬಡಿದು ಕಳೆದುಹೋಗುವ ಮುಂಚೆಯೇ ಬೆಳೆದು ಉಳಿಯುವ ಅವಕಾಶ ಇದೆ. ಇನ್ನೊಂದು 2020ರಲ್ಲಿ ಮತ್ತೆ ಕ್ಲೌಡ್ ಕೋಣೆಯಿಂದ ಬಂತು. ಉಷ್ಣತೆ ಸುಮಾರು 5 ಡಿಗ್ರಿಗಿಂತ ಕೆಳಗಿದ್ದರೆ ನೈಟ್ರಿಕ್ ಆಸಿಡ್ ಮತ್ತು ಅಮೋನಿಯಾ ಕೆಲವೇ ನ್ಯಾನೋಮೀಟರಿನ ಎಳೆ ಕಣಗಳ ಮೇಲೂ ಕೂರಬಲ್ಲವು. ಆಗ ಕಣ ಗಂಟೆಗೆ ನೂರು ನ್ಯಾನೋಮೀಟರಿಗೂ ಮೀರಿದ ವೇಗದಲ್ಲಿ ಬೆಳೆಯಬಹುದು. ಸಾಮಾನ್ಯ ವೇಗ ಗಂಟೆಗೆ ಕೆಲವು ನ್ಯಾನೋಮೀಟರ್ ಅಷ್ಟೇ. ನಗರದಲ್ಲಿ ಆವಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಟ್ರಕ್ಕುಗಳು ನಿಂತ ಸಿಗ್ನಲ್ಲಿನ ಹತ್ತಿರ ಅದು ದಟ್ಟವಾಗಿರುತ್ತದೆ. ಅಂಥ ಜಾಗದಲ್ಲಿ ಕೆಲವೇ ನಿಮಿಷ ಹೀಗೆ ಬೆಳೆದರೂ ಎಳೆ ಕಣ ಹಳೆಯ ಕಣಗಳಿಗೆ ಸುಲಭವಾಗಿ ಸಿಕ್ಕಿಬೀಳುವ ಗಾತ್ರ ದಾಟಿಬಿಡುತ್ತದೆ. ಜನವರಿಯ ದಿಲ್ಲಿಯಲ್ಲಿ 5 ಡಿಗ್ರಿ ಅಪರೂಪದ ಮಾತಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ರಾತ್ರಿಯ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಯನ ಐಐಟಿ ಕಾನ್ಪುರದ ಸಚ್ಚಿದಾನಂದ ತ್ರಿಪಾಠಿ ಅವರ ತಂಡದ್ದು, 2023ರಲ್ಲಿ ಬಂದದ್ದು. ಕಣದ ಬೆಳವಣಿಗೆ ಅಂದರೆ ಬಿಸಿಲಿನ ಕೆಲಸ ಎಂಬ ನಂಬಿಕೆ ಇತ್ತು. ದಿಲ್ಲಿಯಲ್ಲಿ ಅವರಿಗೆ ಕಂಡದ್ದು ಬೇರೆ. ಬಿಸಿಲಿಲ್ಲ, ಹಳೆಯ ಕಣಗಳ ದಟ್ಟಣೆ ವಿಪರೀತ, ಆದರೂ ರಾತ್ರಿ ನ್ಯಾನೋ ಕಣಗಳು ಸರಸರನೆ ಬೆಳೆಯುತ್ತಿದ್ದವು. ಕಾರಣ ಸೌದೆ, ಬೆರಣಿ, ಕಸ, ಎಲೆಕಡ್ಡಿ ಸುಡುವುದರಿಂದ ಏಳುವ ಆವಿ. ಅಡುಗೆಗೆ, ಚಳಿ ಕಾಯಿಸಲು ಹಚ್ಚಿದ ಬೆಂಕಿಯಿಂದ ಅದು ಬಿಸಿಯಾಗಿ ಹೊರಬರುತ್ತದೆ. ರಾತ್ರಿ ಉಷ್ಣತೆ ದಿಢೀರನೆ ಇಳಿದಾಗ ಆವಿಯಾಗಿ ಉಳಿಯಲಾರದೆ ಕಣಗಳ ಮೇಲೆ ಇಳಿಯುತ್ತದೆ. ನಿಮ್ಮ ಬೀದಿಯಲ್ಲಿ ಗಾಡಿ ಇಲ್ಲ, ನಿಜ. ಆದರೆ ನಾಲ್ಕಾರು ಕಿಲೋಮೀಟರ್ ಆಚೆ ಕಾವಲಿನವರು, ಕೂಲಿಯವರು ಸಿಕ್ಕಿದ್ದನ್ನು ಒಟ್ಟು ಹಾಕಿ ಬೆಂಕಿ ಕಾಯಿಸುತ್ತಿರುತ್ತಾರೆ. ಅವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಹೀಟರ್ ಇದ್ದಿದ್ದರೆ ಅವರೂ ಕಸ ಸುಡುತ್ತಿರಲಿಲ್ಲ.

ಬಿಸಿಲಿನ ದಿನದ ಕಥೆ ಮಾರ್ಚ್, ಏಪ್ರಿಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಭಾರತದ ಹಲವು ಜಾಗಗಳ ಅಳತೆ ಒಟ್ಟಿಗೆ ಇಟ್ಟು ನೋಡಿದರೆ ಹೊಸ ಕಣ ಹುಟ್ಟುವುದು ಮಾರ್ಚ್‌ನಿಂದ ಮೇ ತನಕವೇ ಜಾಸ್ತಿ. ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ನೆಲ ಕಾದು ರಾತ್ರಿಯ ಕೊಳೆ ಮೇಲಕ್ಕೆ ಹರಡುತ್ತದೆ. ಹಳೆಯ ಕಣಗಳ ದಟ್ಟಣೆ ಇಳಿಯುತ್ತದೆ, ಬಿಸಿಲು ಏರುತ್ತದೆ. ಇದ್ದಕ್ಕಿದ್ದಂತೆ ಹತ್ತು ನ್ಯಾನೋಮೀಟರಿಗಿಂತ ಸಣ್ಣ ಕಣಗಳ ಸಂಖ್ಯೆ ಮೇಲೇರುತ್ತದೆ. ಹನ್ನೆರಡಕ್ಕೆ ಅವು ಇಪ್ಪತ್ತರ ಆಸುಪಾಸು, ಸಂಜೆಗೆ ಐವತ್ತು, ಎಪ್ಪತ್ತು. ಸಮಯವನ್ನು ಅಡ್ಡಕ್ಕೆ, ಗಾತ್ರವನ್ನು ಮೇಲಕ್ಕೆ ಇಟ್ಟು ಚಿತ್ರ ಬರೆದರೆ ಬಾಳೆಹಣ್ಣಿನ ಆಕಾರ ಬರುತ್ತದೆ. ಫಿನ್‌ಲ್ಯಾಂಡಿನ ಹ್ಯುಟ್ಯಾಲಾ ಕಾಡಿನಲ್ಲಿ 1996ರಿಂದ ಈ ಚಿತ್ರವನ್ನು ಬಿಡದೆ ಬರೆಯುತ್ತಿದ್ದಾರೆ. ಅಷ್ಟು ಬೆಳೆದ ಕಣ ಮೋಡದ ಹನಿಗೆ ಬೀಜವಾಗಬಲ್ಲದು. ಜಗತ್ತಿನ ಮೋಡಗಳ ಬೀಜಗಳಲ್ಲಿ ಸುಮಾರು ಅರ್ಧ ಹೀಗೆ ಹುಟ್ಟಿದವು ಎಂಬುದು ವಿಜ್ಞಾನಿಗಳ ಅಂದಾಜು.

ಹಾಗಾದರೆ ಮಧ್ಯಾಹ್ನದ ಕಡಿಮೆ ಅಂಕಿಯನ್ನು ನಂಬಬಹುದಾ? ಅದು ಹೇಳುವಷ್ಟನ್ನು ನಂಬಿ, ಹೇಳದ್ದನ್ನು ಸೇರಿಸಿಕೊಳ್ಳಬೇಡಿ. ಪಿಎಂ 2.5 ಅಂದರೆ ತೂಕ. ಒಂದು ಲೆಕ್ಕ ಹಾಕಿ ನೋಡಿ. ಹತ್ತು ನ್ಯಾನೋಮೀಟರಿನ ಕಣಗಳು ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಹತ್ತು ಸಾವಿರ ಇವೆ ಎಂದುಕೊಳ್ಳಿ. ಒಂದು ಘನ ಮೀಟರಿಗೆ ಸಾವಿರ ಕೋಟಿ ಕಣ. ಅವೆಲ್ಲವನ್ನೂ ಹಿಡಿದು ತೂಗಿದರೆ ಒಂದು ಮೈಕ್ರೋಗ್ರಾಮಿನ ನೂರನೇ ಒಂದು ಭಾಗವೂ ಬರುವುದಿಲ್ಲ. ನಿಮ್ಮ ಮೀಟರ್ ತೋರಿಸುವುದು ಪೂರ್ತಿ ಮೈಕ್ರೋಗ್ರಾಮ್‌ಗಳನ್ನು. ಅದಕ್ಕೆ ಈ ಸಾವಿರ ಕೋಟಿಯೂ ಸೊನ್ನೆ. ಮೇಲಾಗಿ ಅದರೊಳಗಿರುವುದು ಬೆಳಕಿನ ಸೆನ್ಸರ್. ಸುಮಾರು 300 ನ್ಯಾನೋಮೀಟರಿಗಿಂತ ಸಣ್ಣ ಕಣದಿಂದ ಅದಕ್ಕೆ ಸಾಕಷ್ಟು ಬೆಳಕು ವಾಪಸು ಬರುವುದೇ ಇಲ್ಲ.

ಇಂಥವನ್ನು ಎಣಿಸುವ ಉಪಕರಣದ ಉಪಾಯ ನನಗೆ ಬಹಳ ಇಷ್ಟ. ಗಾಳಿಯನ್ನು ಒಳಗೆ ಎಳೆದು ಬೆಚ್ಚನೆಯ ಬ್ಯುಟನಾಲ್ ಆವಿಯಲ್ಲಿ ಹಾಯಿಸುತ್ತಾರೆ. ಮುಂದೆ ಕೊಳವೆ ತಣ್ಣಗಿರುತ್ತದೆ. ಆವಿ ಪ್ರತಿ ಕಣದ ಮೇಲೂ ಇಳಿಯುತ್ತದೆ, ಕಣ ದೊಡ್ಡ ಹನಿಯಾಗುತ್ತದೆ. ಆಗ ಲೇಸರ್ ಒಂದೊಂದನ್ನೇ ಎಣಿಸುತ್ತದೆ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ದಶಕದಲ್ಲೇ ನೀರಿನ ಆವಿ ಬಳಸಿ ಇದನ್ನು ಮಾಡಿದ್ದರು.

ಇಷ್ಟು ಹೇಳಿದೆನೆಂದು ಮಧ್ಯಾಹ್ನ ಹೊರಗೆ ಹೋಗುವುದನ್ನು ಬಿಡಬೇಡಿ. ಪಿಎಂ 2.5ರಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ ಆಗುವ ಹಾನಿಗೆ ಗಟ್ಟಿ ಪುರಾವೆ ಇದೆ. ಅದು ಕಡಿಮೆ ಇರುವ ಹೊತ್ತೇ ವಾಕಿಂಗ್‌ಗೆ ಒಳ್ಳೆಯದು. ನೂರು ನ್ಯಾನೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಕೆಲವು ರಕ್ತಕ್ಕೂ ದಾಟುತ್ತವೆ. ಆದರೆ ಇಷ್ಟು ಸಂಖ್ಯೆಗೆ ಇಷ್ಟು ಹಾನಿ ಎಂದು ಮಿತಿ ಹಾಕುವಷ್ಟು ಪುರಾವೆ ಇನ್ನೂ ಸೇರಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವಕ್ಕೆ ಮಿತಿ ಹೇಳಲಿಲ್ಲ. ದಿನದ ಸರಾಸರಿ ಘನ ಸೆಂಟಿಮೀಟರಿಗೆ 10,000 ಮೀರಿದರೆ ಜಾಸ್ತಿ ಎಂದು ಪರಿಗಣಿಸಿ, ಅಳೆಯಲು ಶುರು ಮಾಡಿ ಎಂದಿತು. ನಮ್ಮ ದೇಶದ ಗಾಳಿ ಗುಣಮಟ್ಟದ ನಿಯಮಗಳಲ್ಲಿ ಕಣಗಳ ಸಂಖ್ಯೆಯ ಮಾತೇ ಇಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ದಿಲ್ಲಿಯಲ್ಲಿ ಗಾಳಿ ಕೆಟ್ಟ ದಿನ ರಸ್ತೆಗೆ ನೀರು ಹೊಡೆಯುವ ಗಾಡಿ ಬರುತ್ತದೆ, ಗಾಳಿಗೆ ಸಣ್ಣ ನೀರಹನಿ ಚಿಮ್ಮುವ ಮಂಜಿನ ಫಿರಂಗಿ ಬರುತ್ತದೆ. ಅದು ಧೂಳಿಗೆ ಸರಿ. ಸಲ್ಫರ್ ಡೈಆಕ್ಸೈಡನ್ನೋ ಸೌದೆಯ ಆವಿಯನ್ನೋ ಅದು ಮುಟ್ಟುವುದಿಲ್ಲ. ಉಷ್ಣ ವಿದ್ಯುತ್ ಸ್ಥಾವರಗಳು ಸಲ್ಫರ್ ಡೈಆಕ್ಸೈಡ್ ತಡೆಯಬೇಕು ಎಂದು 2015ರ ಡಿಸೆಂಬರ್‌ನಲ್ಲಿ ನಿಯಮ ಬಂತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಆ ನಿಯಮದಿಂದ ವಿನಾಯಿತಿಯೇ ಸಿಕ್ಕಿತು. ಚಿಮಣಿಯ ಹತ್ತಿರ ಆ ಅನಿಲದ ಮಟ್ಟ ಮಿತಿಯೊಳಗೇ ಇದೆ ಎಂಬುದು ಒಂದು ವಾದ. ಆದರೆ ಅದು ಚಿಮಣಿಯ ಹತ್ತಿರ ಉಳಿಯುವುದಿಲ್ಲವಲ್ಲ. ನೂರಾರು ಕಿಲೋಮೀಟರ್ ಸಾಗುತ್ತಾ ದಾರಿಯಲ್ಲಿ ಸಲ್ಫೇಟ್ ಕಣವಾಗುತ್ತದೆ. ಇದನ್ನು ಅನಿಲವಾಗಿ ಮಾತ್ರ ಅಳೆದು ಕೈತೊಳೆದುಕೊಳ್ಳುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಕಡಿಮೆ ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ಸಾಕ್ಷಿ. ಅಲ್ಲಿ 2000ದ ದಶಕದ ಆರಂಭದಲ್ಲೊಮ್ಮೆ, ಸುಮಾರು ಹದಿನೈದು ವರ್ಷದ ನಂತರ ಇನ್ನೊಮ್ಮೆ ಅಳೆದರು. ನಡುವೆ ಸಲ್ಫರ್ ಡೈಆಕ್ಸೈಡ್ ತೀರಾ ಇಳಿದಿತ್ತು. ಹೊಸ ಕಣ ಹುಟ್ಟುವ ದಿನಗಳೂ ಕಡಿಮೆಯಾಗಿದ್ದವು. ನಮ್ಮಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. 2020ರ ಏಪ್ರಿಲ್‌ನಿಂದ, ಗಾಡಿಗಳ ಹೊಗೆಗೆ ಬಂದ ಬಿಎಸ್-6 ನಿಯಮದಡಿ, ಇಂಧನದಲ್ಲಿ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಡೀಸೆಲ್ ಗಾಡಿಗೆ ಕಣಗಳ ಸಂಖ್ಯೆಯ ಮಿತಿಯೂ ಬಂತು. ಆದರೆ ಆ ಪರೀಕ್ಷೆ ಎಣಿಸುವುದು ಸುಮಾರು 23 ನ್ಯಾನೋಮೀಟರಿಗಿಂತ ದೊಡ್ಡ, ಬಿಸಿ ಮಾಡಿದರೂ ಆವಿಯಾಗದ ಕಣಗಳನ್ನು ಮಾತ್ರ. ಸೈಲೆನ್ಸರಿನಿಂದ ಬಿಸಿಯಾಗಿ ಹೊರಬಂದು ಒಂದೆರಡು ಮಾರು ದೂರದಲ್ಲಿ ತಣಿದು ಕಣವಾಗುವ ಎಂಜಿನ್ ಆಯಿಲಿನ ಆವಿ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಮಾಸ್ಕ್. ತೀರಾ ಸಣ್ಣ ಕಣ ಮಾಸ್ಕಿನ ಎಳೆಗಳ ನಡುವೆ ನುಸುಳಿಹೋಗುತ್ತದೆ ಎಂಬ ಭಯ ಬೇಡ. ಹತ್ತಿಪ್ಪತ್ತು ನ್ಯಾನೋಮೀಟರಿನ ಕಣ ನೇರವಾಗಿ ಹೋಗುವುದೇ ಇಲ್ಲ. ಗಾಳಿಯ ಅಣುಗಳು ಅದನ್ನು ಅತ್ತಿತ್ತ ತಳ್ಳುತ್ತಿರುತ್ತವೆ. ಹಾಗೆ ಓಲಾಡುತ್ತಾ ಎಳೆಗೆ ತಗುಲಿ ಅಂಟಿಕೊಳ್ಳುತ್ತದೆ. ಎನ್95ಗೂ ಪ್ಯೂರಿಫೈಯರ್‌ಗಳಲ್ಲಿರುವ ಹೆಪಾ ಫಿಲ್ಟರಿಗೂ ಕಷ್ಟವಾಗುವುದು ನಡುವಿನ ಗಾತ್ರದ ಕಣ. ಅದನ್ನೂ ಒಳ್ಳೆಯ ಮಾಸ್ಕ್ ಬಹುಪಾಲು ತಡೆಯುತ್ತದೆ. ಮುಖಕ್ಕೆ ಸರಿಯಾಗಿ ಕೂರಬೇಕು ಅಷ್ಟೇ. ಅಂಚಿನಲ್ಲಿ ಸಂದಿ ಇದ್ದರೆ ಸುಮ್ನೆ ಹಾಕಿದಂತಾಗುತ್ತದೆ. ಆವಿಯನ್ನು ಮಾತ್ರ ಎನ್95 ತಡೆಯುವುದಿಲ್ಲ. ಮನೆಯ ಪ್ಯೂರಿಫೈಯರ್‌ನಲ್ಲಿ ಹೆಪಾ ಜೊತೆ ಇದ್ದಿಲಿನ ಪದರವೂ ಇದ್ದರೆ ಸ್ವಲ್ಪ ಆವಿ ಹಿಡಿಯುತ್ತದೆ. ಓಝೋನ್ ಬಿಡುವ ಯಂತ್ರ ಕೊಳ್ಳಬೇಡಿ. ನಿಂಬೆ, ಕಿತ್ತಳೆ ವಾಸನೆಯ ರೂಮ್ ಫ್ರೆಶ್ನರ್‌ನಲ್ಲಿರುವ ಲಿಮೋನೀನ್ ಎಂಬ ಆವಿ ಓಝೋನ್ ಜೊತೆ ಸೇರಿ ನಿಮ್ಮ ಕೋಣೆಯಲ್ಲೇ ಹೊಸ ಕಣ ಹುಟ್ಟಿಸುತ್ತದೆ. ಕಿಟಕಿ ಮುಚ್ಚಿದ ಚಳಿಗಾಲದಲ್ಲಿ ಊದಿನಕಡ್ಡಿ, ಸೊಳ್ಳೆ ಬತ್ತಿಯನ್ನೂ ದೂರ ಇಡಿ. ಮತ್ತೆ, ಮಂಜು ಕವಿದ ರಾತ್ರಿ ಮೀಟರ್ ಏರಿದರೆ ಪಕ್ಕದಲ್ಲಿ ತೇವದ ಅಂಕಿಯನ್ನೂ ಬರೆದಿಡಿ. ಕಣ ನೀರು ಕುಡಿದು ಊದಿದ್ದನ್ನೂ ಮೀಟರ್ ಕಣದ ತೂಕವೆಂದೇ ಎಣಿಸುತ್ತದೆ, ಹಾಗಾಗಿ ಅಂಥ ರಾತ್ರಿಯ ಅಂಕಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.